ಅರಿವಿನ ಒಡೆತನ, ಹೆಸರಿನ ಋಣ

ಹೊಲಕ್ಕೆ ಬಾಂದುಗಲ್ಲು ಉಂಟು, ಮನೆಗೆ ಗೋಡೆ ಉಂಟು. ಅವುಗಳ ಒಡೆಯರು ಯಾರೆಂಬುದನ್ನು ನಮ್ಮ ಭಾಗದಲ್ಲಿ ತಲಾಠಿಯವರ ಸಾತಬಾರಾ ಉತಾರೆ ನೋಡಿ ಹೇಳಬಹುದು. ಆದರೆ ಅರಿವಿಗೆ ಬಾಂದುಗಲ್ಲನ್ನು ಎಲ್ಲಿ ನೆಡುವುದು? ಒಬ್ಬನ ಹೊಲವನ್ನು ಇನ್ನೊಬ್ಬನು ಒತ್ತಿಕೊಂಡರೆ ಮೊದಲಿನವನಿಗೆ ಅಷ್ಟು ನೆಲ ಕಡಿಮೆಯಾಗುತ್ತದೆ. ಒಬ್ಬನಿಗೆ ಗೊತ್ತಿದ್ದ ಉಪಾಯವನ್ನು ಇನ್ನೊಬ್ಬನು ಕಲಿತುಕೊಂಡರೆ ಮೊದಲಿನವನ ಬಳಿ ಏನೂ ಕಡಿಮೆಯಾಗುವುದಿಲ್ಲ. ಶಿಕ್ಷಕ ವೃತ್ತಿಯಲ್ಲಿ ಬಾಳು ಸವೆಸಿದ ನಮ್ಮಂಥವರಿಗೆ ಇದು ನಿತ್ಯದ ಅನುಭವವಾಗಿತ್ತು. ನಾಲ್ವತ್ತು ಮಕ್ಕಳಿಗೆ ಮಗ್ಗಿ ಕಲಿಸಿದ ಬಳಿಕವೂ ಮಗ್ಗಿಯು ನಮ್ಮಲ್ಲಿ ಪೂರ್ತಿಯಾಗಿಯೇ ಉಳಿದಿರುತ್ತಿತ್ತು. ಹೀಗಿರುವಾಗ ‘ಬೌದ್ಧಿಕ ಆಸ್ತಿ’ ಎಂಬ ಮಾತಿನಲ್ಲಿ ನ್ಯಾಯವೆಷ್ಟು, ಅನ್ಯಾಯವೆಷ್ಟು ಎಂದು ವಿಚಾರ ಮಾಡುವುದು ಅಗತ್ಯವಾಗಿದೆ. ಇದು ವಕೀಲರ ವಿಷಯ, ನಮಗೇಕೆ ಎಂದು ಸುಮ್ಮನಿರುವ ಹಾಗಿಲ್ಲ. ನಮ್ಮ ಕಾಲಿನ ಕೆರವಿನವರೆಗೆ ಅದು ಬಂದು ಮುಟ್ಟಿದೆ.

ಈ ಕಾಯ್ದೆಗಳು ಒಂದೇ ಬಗೆಯವಲ್ಲ. ಹೊಸದನ್ನು ಕಂಡುಹಿಡಿದವನಿಗೆ 20 ವರ್ಷ ಕಾಲ ಅದರ ಮೇಲೆ ಏಕಸ್ವಾಮ್ಯ ನೀಡುವುದು ಪೇಟೆಂಟ್. ಅದಕ್ಕೆ ಪ್ರತಿಯಾಗಿ ಆತನು ತನ್ನ ಗುಟ್ಟನ್ನು ಬರೆದು ಲೋಕಕ್ಕೆ ತಿಳಿಸಬೇಕು. ಅವಧಿ ಮುಗಿದ ಮೇಲೆ ಅದು ಎಲ್ಲರದು. ಲೇಖಕನಿಗೆ ತನ್ನ ಕೃತಿಯ ಮೇಲೆ ಇರುವುದು ಕೃತಿಸ್ವಾಮ್ಯ. ಅದು ಅವನ ಜೀವಿತಕಾಲ ಮತ್ತು ಅನಂತರದ 60 ವರ್ಷ ಬಾಳುತ್ತದೆ. ಒಂದು ಊರು ಅಥವಾ ಸೀಮೆಯ ಹೆಸರಿನಿಂದಲೇ ಪ್ರಸಿದ್ಧವಾದ ವಸ್ತುವಿಗೆ ದೊರೆಯುವುದು ಭೌಗೋಳಿಕ ಸೂಚಕ. ಪತ್ರಿಕೆಗಳು ‘ಜಿಐ ಟ್ಯಾಗ್’ ಎಂದು ಬರೆಯುವುದು ಇದನ್ನೇ. ಇದರ ಕಾಯ್ದೆಯಾದದ್ದು 1999ರಲ್ಲಿ, ಜಾರಿಗೆ ಬಂದದ್ದು 2003ರಲ್ಲಿ. ಮೊದಲೆರಡು ವ್ಯಕ್ತಿಯನ್ನು ಕಣ್ಣ ಮುಂದಿಟ್ಟುಕೊಂಡು ಹುಟ್ಟಿದವು. ಮೂರನೆಯದು ಒಂದು ಸೀಮೆಯ ಜನರನ್ನು.

ಪೇಟೆಂಟು ಮನುಷ್ಯನ ಸಹಜ ಹಕ್ಕೋ, ಸಮಾಜವು ಮಾಡಿಕೊಂಡ ಒಂದು ಕರಾರೋ ಎಂಬ ವಾದ ಬಹಳ ಹಳೆಯದು. ಅಮೆರಿಕೆಯ ಥಾಮಸ್ ಜೆಫರ್ಸನ್ ಅವರು 1813ರಲ್ಲಿ ಬರೆದ ಒಂದು ಪತ್ರದಲ್ಲಿ, ಒಬ್ಬನ ದೀಪದಿಂದ ಇನ್ನೊಬ್ಬನು ದೀಪ ಹೊತ್ತಿಸಿಕೊಂಡರೆ ಮೊದಲಿನವನಿಗೆ ಕತ್ತಲೆಯಾಗುವುದಿಲ್ಲ ಎಂಬ ಭಾವದ ಮಾತನ್ನು ಹೇಳಿದ್ದಾರೆ. ಅಂದರೆ ವಿಚಾರಗಳ ಮೇಲೆ ಯಾರಿಗೂ ಹುಟ್ಟಿನಿಂದ ಬಂದ ಒಡೆತನವಿಲ್ಲ. ಸಮಾಜವು ತನ್ನ ಪ್ರಯೋಜನಕ್ಕಾಗಿ ಕೊಟ್ಟರೆ ಉಂಟು, ಇಲ್ಲವಾದರೆ ಇಲ್ಲ. ತಮಾಷೆಯೆಂದರೆ ಆ ದೇಶದಲ್ಲಿ ಮೊದಮೊದಲು ಪೇಟೆಂಟು ಅರ್ಜಿಗಳನ್ನು ಪರೀಕ್ಷಿಸಿದವರಲ್ಲಿ ಅವರೂ ಒಬ್ಬರು. ನಮ್ಮ ದೇಶದಲ್ಲಿ ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರರು 1959ರಲ್ಲಿ ಕೊಟ್ಟ ವರದಿಯೂ ಈ ಜಾಡಿನದೇ. ಇಲ್ಲಿಯ ಪೇಟೆಂಟುಗಳಲ್ಲಿ ಬಹುಪಾಲು ಪರದೇಶದವರ ಕೈಯಲ್ಲಿದ್ದು, ಅವುಗಳಿಂದ ಇಲ್ಲಿ ಕಾರಖಾನೆ ಏಳುತ್ತಿಲ್ಲ ಎಂಬುದನ್ನು ಅವರು ಎತ್ತಿ ತೋರಿಸಿದರು. 1970ರ ಪೇಟೆಂಟ್ ಕಾಯ್ದೆಯು ಅದರ ಫಲ. ಇಷ್ಟು ಪೀಠಿಕೆ ಸಾಕು.

2025ರ ಜೂನ್ ತಿಂಗಳಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಎಂಬ ಹೆಸರಾಂತ ಕಂಪನಿಯು ಗಂಡಸರ ಉಡುಪುಗಳ ಪ್ರದರ್ಶನವೊಂದನ್ನು ಏರ್ಪಡಿಸಿತು. ಅಲ್ಲಿ ನಡೆದುಬಂದವರ ಕಾಲಲ್ಲಿ ಇದ್ದದ್ದು ನೋಡಿದ ಕೂಡಲೇ ನಾವು ಗುರುತಿಸಬಲ್ಲ ಕೆರವು: ಬಯಲಾದ ಬೆರಳುಗಳು, ಉಂಗುಷ್ಠದ ಕುಣಿಕೆ, ಹೆಣೆದ ಪಟ್ಟಿ. ಕಂಪನಿಯು ಅದನ್ನು ಚರ್ಮದ ಪಾದರಕ್ಷೆ ಎಂದಷ್ಟೇ ಕರೆಯಿತು. ಕೊಲ್ಹಾಪುರದ ಹೆಸರಿಲ್ಲ, ಭಾರತದ ಹೆಸರೂ ಇಲ್ಲ. ಇಲ್ಲಿ ದೊಡ್ಡ ಗದ್ದಲವಾಯಿತು. ಆಮೇಲೆ ಕಂಪನಿಯು ತನಗೆ ಸ್ಫೂರ್ತಿ ದೊರೆತದ್ದು ಭಾರತದ ಸಾಂಪ್ರದಾಯಿಕ ಪಾದರಕ್ಷೆಯಿಂದಲೇ ಎಂದು ಒಪ್ಪಿಕೊಂಡಿತು. ಮುಂಬಯಿ ಉಚ್ಚ ನ್ಯಾಯಾಲಯದಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದು ದಾಖಲಾಯಿತು. ಜುಲೈಯಲ್ಲಿ ನ್ಯಾಯಾಲಯವು ಅದನ್ನು ವಜಾ ಮಾಡಿತು. ಈ ಸೂಚಕದ ನೋಂದಾಯಿತ ಒಡೆಯರು ಇದ್ದಾರೆ, ದೂರು ಇದ್ದರೆ ಅವರೇ ಬರಲಿ ಎಂಬುದು ಅದರ ನಿಲುವು.

ಇಲ್ಲಿ ಒಂದು ಸೂಕ್ಷ್ಮವಿದೆ. ಪತ್ರಿಕೆಗಳಲ್ಲಿ ಸಿಟ್ಟಿನಿಂದ ಬರೆದವರು ಅದರತ್ತ ಹೆಚ್ಚು ಗಮನ ಕೊಟ್ಟಂತೆ ಕಾಣಲಿಲ್ಲ. ಭೌಗೋಳಿಕ ಸೂಚಕದ ಕಾಯ್ದೆಯು ಕಾಪಾಡುವುದು ಮುಖ್ಯವಾಗಿ ಹೆಸರನ್ನು. ಬೇರೆಲ್ಲಿಯೋ ಮಾಡಿದ ಚಪ್ಪಲಿಗೆ ‘ಕೊಲ್ಹಾಪುರಿ’ ಎಂದು ಹೆಸರಿಟ್ಟು ಗಿರಾಕಿಯನ್ನು ಮೋಸಗೊಳಿಸಿದರೆ ಅದು ಅಪರಾಧ. ಆದರೆ ಅದೇ ಆಕಾರದ ಚಪ್ಪಲಿ ಮಾಡಿ, ಯಾವ ಹೆಸರನ್ನೂ ಹೇಳದೆ ಮಾರಿದರೆ ಈ ಕಾಯ್ದೆಯ ಹಿಡಿತಕ್ಕೆ ಸಿಗುವುದು ಕಷ್ಟ. ಪ್ರಾಡಾ ಕಂಪನಿಯು ಮಿಲಾನಿನಲ್ಲಿ ‘ಇದು ಕೊಲ್ಹಾಪುರಿ’ ಎಂದು ಹೇಳಿ ಮಾರಾಟಕ್ಕೆ ಇಟ್ಟಿದ್ದರೆ ಕಾಯ್ದೆಯ ದೃಷ್ಟಿಯಲ್ಲಿ ತಪ್ಪಿನ ಹತ್ತಿರ ಬರುತ್ತಿತ್ತು. ಹೇಳದೆ ಇದ್ದುದರಿಂದ ಪಾರಾಯಿತು. ನಮ್ಮ ಜನರಿಗೆ ನೋವಾದದ್ದಾದರೂ ಹೇಳದೆ ಇದ್ದುದಕ್ಕೇ. ಕಾಯ್ದೆಯು ಸುಳ್ಳಾಗಿ ಹೆಸರು ಹೇಳಿದವನನ್ನು ಹಿಡಿಯುತ್ತದೆ. ನಮ್ಮ ಮನಸ್ಸು ಹೆಸರನ್ನು ನುಂಗಿದವನನ್ನು ಹಿಡಿಯುತ್ತದೆ. ಮೊದಲನೆಯದು ಒಡೆತನದ ಪ್ರಶ್ನೆ. ಎರಡನೆಯದು ಋಣದ ಪ್ರಶ್ನೆ. ಇವೆರಡನ್ನು ಒಂದೇ ಎಂದು ತಿಳಿದದ್ದರಿಂದಲೇ ವಾದವು ಗೋಜಲಾಯಿತು ಎಂದು ನಮ್ಮ ಅಭಿಪ್ರಾಯ.

ಋಣವೆಂಬ ಮಾತು ನಮ್ಮವರಿಗೆ ಹೊಸದಲ್ಲ. ದೇವಋಣ, ಪಿತೃಋಣಗಳ ಜೊತೆಗೆ ಋಷಿಋಣವನ್ನು ಹಿರಿಯರು ಹೇಳಿದರು. ತನಗೆ ಅರಿವು ಕೊಟ್ಟವರಿಗೆ ಮನುಷ್ಯನು ಬಾಕಿಯಿರುತ್ತಾನೆ. ಆ ಅರಿವನ್ನು ಮುಂದಿನವರಿಗೆ ಕೊಡುವುದರಿಂದ ಆ ಬಾಕಿ ತೀರುತ್ತದೆ. ಕೊಟ್ಟವರನ್ನು ನೆನೆಯಬೇಕು, ಆದರೆ ಅರಿವನ್ನು ಕಟ್ಟಿಡಬಾರದು. ಕೇಳಲು ಇದು ಬಹಳ ಸುಂದರವಾಗಿದೆ. ಆದ್ದರಿಂದಲೇ ನಮ್ಮ ವೇದಿಕೆಗಳಲ್ಲಿ ‘ಭಾರತೀಯರು ಜ್ಞಾನವನ್ನು ಎಂದೂ ಮಾರಲಿಲ್ಲ, ಎಲ್ಲರಿಗೂ ಹಂಚಿದರು, ಪೇಟೆಂಟ್ ಎಂಬುದು ಪಶ್ಚಿಮದ ಲೋಭ’ ಎಂಬ ಭಾಷಣಕ್ಕೆ ಚಪ್ಪಾಳೆ ಬೀಳುತ್ತದೆ. ಈ ಮಾತನ್ನು ನಾವು ಒಪ್ಪಲಾರೆವು.

ವೇದವನ್ನು ಯಾರು ಕೇಳಬೇಕು, ಯಾರು ಕೇಳಬಾರದು ಎಂದು ಕಟ್ಟಳೆ ಮಾಡಿದ ಸಮಾಜವು ಜ್ಞಾನವನ್ನು ಎಲ್ಲರಿಗೂ ಹಂಚಿತೆಂದು ಹೇಳುವುದು ಹೇಗೆ? 20 ವರ್ಷದ ಪೇಟೆಂಟಿಗಿಂತ ಆ ಬೇಲಿ ಬಹಳ ಗಟ್ಟಿಯಾಗಿತ್ತು. ಅದಕ್ಕೆ ಅವಧಿಯೇ ಇರಲಿಲ್ಲ. ಕಸುಬಿನ ಅರಿವಂತೂ ಜಾತಿಯೊಳಗೆ, ಹಲವು ಸಲ ಒಂದು ಮನೆಯೊಳಗೆ ಉಳಿಯಿತು. ಇನ್ನು ಚಪ್ಪಲಿಯನ್ನೇ ತೆಗೆದುಕೊಳ್ಳೋಣ. ಆಯಗಾರಿಕೆಯ ಕಾಲದಲ್ಲಿ ಸಮಗಾರನು ವರ್ಷವಿಡೀ ಊರಿನ ಕೆರವು, ಬಾರುಕೋಲು, ಬಾವಿಯ ಮಿಣಿಗಳನ್ನು ಮಾಡಿಕೊಟ್ಟು, ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತು ತನ್ನ ಪಾಲಿನ ಜೋಳ ಪಡೆಯುತ್ತಿದ್ದ. ಅವನ ಕೈಯಲ್ಲಿ ಹುಟ್ಟಿದ ಕೆರವು ಅಂಗಳದವರೆಗೆ ಬಂದಿತು, ಅವನು ಬರಲಿಲ್ಲ. ಅವನು ತನ್ನ ಅರಿವನ್ನು ‘ಹಂಚಿದ’ ಎಂದು ಹೇಳಿದರೆ ಅದು ಅವನ ಔದಾರ್ಯವಾಗಿತ್ತೆ? ಇಲ್ಲವೆನ್ನುವ ದಾರಿ ಅವನಿಗೆ ಇರಲೇ ಇಲ್ಲ. ಮಿಲಾನಿನವರು ಕೊಲ್ಹಾಪುರದ ಹೆಸರು ಹೇಳಲಿಲ್ಲವೆಂದು ನಾವು ಸಿಟ್ಟಾದೆವು, ಸರಿಯೇ. ಆದರೆ ನಮ್ಮ ಊರುಗಳಲ್ಲಿ ತಲೆತಲಾಂತರದಿಂದ ಕೆರವು ಹೊಲಿದವರ ಹೆಸರುಗಳನ್ನು ನಾವೆಷ್ಟು ಹೇಳಬಲ್ಲೆವು?

‘ಕೊಲ್ಹಾಪುರಿ’ ಎಂಬ ಹೆಸರು ಕೂಡ ಪೇಟೆಯ ಹೆಸರು. ಅದನ್ನು ಮಾಡುವ ಕೈಗಳು ಕೊಲ್ಹಾಪುರದ ಆಚೆ ಈಚೆ ಬಹು ದೂರ ಹರಡಿವೆ. ನಮ್ಮ ಜತ್ತ ತಾಲೂಕಿನ ನೆರೆಯದೇ ಆದ ಅಥಣಿ, ಅತ್ತ ನಿಪ್ಪಾಣಿ, ಚಿಕ್ಕೋಡಿ ಮೊದಲಾದ ಕಡೆಗಳಲ್ಲಿ ಸಾವಿರಾರು ಜನರ ಹೊಟ್ಟೆ ತುಂಬಿದ್ದು ಈ ಕಸುಬಿನಿಂದ. ಎಮ್ಮೆಯ ತೊಗಲನ್ನು ಜಾಲಿಯ ತೊಗಟೆ ಮತ್ತು ಅಳಲೆಕಾಯಿಯ ರಸದಲ್ಲಿ ವಾರಗಟ್ಟಲೆ ಹದ ಮಾಡಿ, ಮೊಳೆಯ ನೆರವಿಲ್ಲದೆ ತೊಗಲಿನ ಎಳೆಯಿಂದಲೇ ಹೊಲಿಯುವ ಕೆಲಸವಿದು. ಹದ ಮಾಡುವವರು ಒಬ್ಬರು, ಅಟ್ಟೆ ಕತ್ತರಿಸುವವರು ಇನ್ನೊಬ್ಬರು, ಜಡೆಯಂತೆ ಪಟ್ಟಿ ಹೆಣೆಯುವವರು ಬಹುತೇಕ ಹೆಣ್ಣುಮಕ್ಕಳು. ಅಥಣಿಯ ಮಹಿಳಾ ಸ್ವಸಹಾಯ ಸಂಘಗಳು ‘ಟೋಹೋಲ್ಡ್’ ಎಂಬ ಹೆಸರಿನಲ್ಲಿ ತಮ್ಮ ಚಪ್ಪಲಿಗಳನ್ನು ಪರದೇಶಕ್ಕೂ ಕಳಿಸಿದ್ದುಂಟು. ಇಷ್ಟಾದರೂ ಅಂಗಡಿಯಲ್ಲಿ ಯಾರೂ ‘ಅಥಣಿ ಚಪ್ಪಲಿ ಕೊಡಿ’ ಎಂದು ಕೇಳುವುದಿಲ್ಲ.

ಈ ಅನ್ಯಾಯವನ್ನು ಭೌಗೋಳಿಕ ಸೂಚಕವು ಸ್ವಲ್ಪ ಮಟ್ಟಿಗೆ ಸರಿಪಡಿಸಿದೆ ಎಂಬುದನ್ನು ಒಪ್ಪಬೇಕು. 2019ರಲ್ಲಿ ಪ್ರಕಟವಾದ ಈ ಸೂಚಕದ ಒಡೆಯರು ಎರಡು ಸರಕಾರಿ ನಿಗಮಗಳು: ಮಹಾರಾಷ್ಟ್ರದ ಸಂತ ರೋಹಿದಾಸ ಚರ್ಮೋದ್ಯೋಗ ನಿಗಮ ಮತ್ತು ಕರ್ನಾಟಕದ ಡಾ. ಬಾಬು ಜಗಜೀವನರಾಮ್ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮ, ಅಂದರೆ ಲಿಡ್ಕರ್. ಇತ್ತ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ. ಅತ್ತ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಎಂಟು ಜಿಲ್ಲೆಗಳು ಒಂದೇ ಪಟ್ಟಿಯಲ್ಲಿ ಕೂಡಿವೆ. ಗಡಿಯ ವಿಷಯದಲ್ಲಿ ಅರ್ಧ ಶತಮಾನದಿಂದ ಒಪ್ಪದ ಎರಡು ರಾಜ್ಯಗಳು ಒಂದು ಜೊತೆ ಚಪ್ಪಲಿಯ ವಿಷಯದಲ್ಲಿ ಒಂದೇ ಕಾಗದಕ್ಕೆ ಸಹಿ ಹಾಕಿದವು. ಗಡಿಯಲ್ಲಿ ಬಾಳುವ ನಮಗೆ ಇದೊಂದು ಸಣ್ಣ ಸಂತೋಷ. ಪ್ಲಾಸ್ಟಿಕ್ ಅಟ್ಟೆಗೆ ‘ಕೊಲ್ಹಾಪುರಿ’ ಎಂದು ಚೀಟಿ ಅಂಟಿಸಿ ಅರ್ಧ ಬೆಲೆಗೆ ಮಾರುವವರನ್ನು ತಡೆಯಲು ಇಂಥ ಒಂದು ಒಡೆತನ ಬೇಕೇ ಬೇಕು. ‘ಒಡೆತನವೇ ಪಾಪ’ ಎನ್ನುವವರು ಹೊಲಿಯುವವನ ಮಗನು ಏಕೆ ಆ ಕಸುಬು ಬಿಟ್ಟು ಪುಣೆಗೆ ಹೋದನೆಂದು ವಿಚಾರಿಸಬೇಕು.

ಆದರೆ ಆ ಮಗನು ಪುಣೆಯಲ್ಲಿ ಕುಳಿತು ತಂದೆಯ ಕೈಗುಣದಿಂದಲೇ ಚಪ್ಪಲಿ ಹೊಲಿದರೆ ಅದು ‘ಕೊಲ್ಹಾಪುರಿ’ ಅಲ್ಲ. ಪುಣೆಯು ಆ ಎಂಟು ಜಿಲ್ಲೆಗಳಲ್ಲಿ ಇಲ್ಲ. ಕಾಯ್ದೆಗೆ ನೆಲ ಗೊತ್ತು, ಕೈ ಗೊತ್ತಿಲ್ಲ.

ಸಂಪ್ರದಾಯದ ಅರಿವಿನ ವಿಷಯದಲ್ಲಿ ಕಾಯ್ದೆಗೆ ಇನ್ನೊಂದು ತೊಡಕಿದೆ. ಅದು ಕಾಗದವನ್ನು ಕೇಳುತ್ತದೆ. ನಮ್ಮ ಸಾಂಗಲಿಯು ಅರಿಶಿನದ ಪೇಟೆ. 2018ರಲ್ಲಿ ಸಾಂಗಲಿಯ ಅರಿಶಿನಕ್ಕೂ ಭೌಗೋಳಿಕ ಸೂಚಕ ದೊರೆತಿದೆ. ಅದಕ್ಕಿಂತ ಬಹು ಹಿಂದೆ, 1995ರಲ್ಲಿ, ಅರಿಶಿನದಿಂದ ಗಾಯ ಮಾಯುತ್ತದೆ ಎಂಬುದಕ್ಕೆ ಅಮೆರಿಕೆಯ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರವು ಪೇಟೆಂಟ್ ಪಡೆಯಿತು. ಅರ್ಜಿ ಹಾಕಿದ ಸಂಶೋಧಕರಿಬ್ಬರೂ ಭಾರತೀಯ ಮೂಲದವರೇ. ಅವರ ಮನೆಯ ಅಜ್ಜಿಯರಿಗೆ ಇದು ಗೊತ್ತಿರದೆ ಇರಲು ಸಾಧ್ಯವಿಲ್ಲ. ನಮ್ಮ ದೇಶದ ವೈಜ್ಞಾನಿಕ ಮತ್ತು ಔದ್ಯಮಿಕ ಸಂಶೋಧನಾ ಪರಿಷತ್ತು ಅದನ್ನು ಪ್ರಶ್ನಿಸಿತು. ಕೋಟ್ಯಂತರ ಅಜ್ಜಿಯರ ಸಾಕ್ಷ್ಯವು ಅಲ್ಲಿ ಸಾಕಾಗಲಿಲ್ಲ. ಹಳೆಯ ಸಂಸ್ಕೃತ ಗ್ರಂಥಗಳು, 1953ರಲ್ಲಿ ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಅಚ್ಚಾದ ಒಂದು ಲೇಖನ, ಹೀಗೆ 32 ಆಧಾರಗಳನ್ನು ಮುಂದಿಟ್ಟ ಮೇಲೆ 1997ರಲ್ಲಿ ಆ ಪೇಟೆಂಟ್ ರದ್ದಾಯಿತು. ನಾವು ಗೆದ್ದೆವೆಂದು ಹಿಗ್ಗಿದೆವು. ಗೆದ್ದದ್ದು ಬರೆದಿಟ್ಟ ಅರಿವು. ಬರೆಯದ ಅರಿವಿನ ಗತಿಯೇನು? ಸಮಗಾರನು ತೊಗಲನ್ನು ಮೂಸಿ ನೋಡಿ ಹದವಾಯಿತೆಂದು ತಿಳಿಯುವ ವಿದ್ಯೆಯು ಯಾವ ಸಂಸ್ಕೃತ ಗ್ರಂಥದಲ್ಲಿದೆ?

ಸಂಪ್ರದಾಯದೊಳಗೆ ಒಬ್ಬ ದೊಡ್ಡ ವ್ಯಕ್ತಿ ಕೈಯಾಡಿಸಿದಾಗ ಯಾರದು ಎಷ್ಟು ಎಂಬ ಪ್ರಶ್ನೆ ಮತ್ತಷ್ಟು ಬಿಗಿಯಾಗುತ್ತದೆ. ಕನ್ನಡದಲ್ಲಿ ಇದಕ್ಕೆ ನಿದರ್ಶನವೊಂದಿದೆ. ಡಾ. ಶಿವರಾಮ ಕಾರಂತರು ಯಕ್ಷಗಾನದ ರಾಗ, ತಾಳ, ವೇಷ, ರಂಗವಿಧಾನಗಳನ್ನು ತಿದ್ದಿ ‘ಯಕ್ಷರಂಗ’ವೆಂಬ ಹೊಸ ರೂಪ ಕೊಟ್ಟರು, ಅದಕ್ಕಾಗಿ ಏಳು ಪ್ರಸಂಗಗಳನ್ನು ಅಣಿಗೊಳಿಸಿದರು. 1994ರ ಉಯಿಲಿನಲ್ಲಿ ತಮ್ಮ ಕೃತಿಗಳ ಹಕ್ಕನ್ನು ಶ್ರೀಮತಿ ಮಾಲಿನಿ ಮಲ್ಯ ಅವರಿಗೆ ಬರೆದರು, 1997ರಲ್ಲಿ ತೀರಿಕೊಂಡರು. 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸಂಸ್ಥೆಯ ಮೇಳವು ದೆಹಲಿಯಲ್ಲಿ ‘ಅಭಿಮನ್ಯು ವಧೆ’ಯನ್ನು ಆಡಿದಾಗ ವ್ಯಾಜ್ಯ ಹುಟ್ಟಿತು. ನಮ್ಮ ಆಶ್ರಯದಲ್ಲಿ ರೂಪುಗೊಂಡ ಕಲೆ ನಮ್ಮದು ಎಂದು ಸಂಸ್ಥೆ ವಾದಿಸಿತು. 2009ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಹಕ್ಕು ಮಲ್ಯ ಅವರದೇ ಎಂದು ಎತ್ತಿಹಿಡಿಯಿತು. ಜೊತೆಗೆ, ಶಿಕ್ಷಣ ಸಂಸ್ಥೆಯೊಂದು ತನ್ನ ಕಲಿಕೆಯ ಅಂಗವಾಗಿ ಕಾಯ್ದೆ ಹೇಳಿದ ಮಿತಿಯೊಳಗೆ ಆಡಿದರೆ ಅದಕ್ಕೆ ಅಡ್ಡಿಯಿಲ್ಲವೆಂದೂ ಸ್ಪಷ್ಟಪಡಿಸಿತು. ತೀರ್ಪು ನಮಗೆ ಹಿಡಿಸುತ್ತದೆ. ಕಾರಂತರು ಸೇರಿಸಿದ್ದು ಕಾರಂತರದು. ಕಲಿಯುವವರ ಬಾಗಿಲು ಮುಚ್ಚಬಾರದು. ಆದರೂ ಒಂದು ಮಾತು ಉಳಿಯಿತು. ಕಾರಂತರು ತಿದ್ದುವುದಕ್ಕೆ ಮೊದಲು ನೂರಾರು ವರ್ಷ ಬಯಲಿನಲ್ಲಿ ಕುಣಿದು ಆ ಕಲೆಯನ್ನು ಉಳಿಸಿಕೊಂಡು ಬಂದ ಮೇಳಗಳವರು ಆ ವ್ಯಾಜ್ಯದಲ್ಲಿ ಕಕ್ಷಿದಾರರಲ್ಲ. ಆಗುವಂತೆಯೂ ಇರಲಿಲ್ಲ. ಕೃತಿಸ್ವಾಮ್ಯಕ್ಕೆ ಒಬ್ಬ ಲೇಖಕ ಬೇಕು. ಹೆಸರಿಲ್ಲದವರ ಗುಂಪನ್ನು ಅದು ಕಾಣಲಾರದು.

ಹಾಗಾದರೆ ಒಡೆತನವೂ ಇದ್ದು, ಹಂಚುವ ದಾರಿಯೂ ತೆರೆದಿರುವ ಕಾಯ್ದೆ ಸಾಧ್ಯವೇ ಇಲ್ಲವೆ? ಬೀಜದ ವಿಷಯದಲ್ಲಿ ನಮ್ಮ ದೇಶವು ಅದನ್ನು ಮಾಡಿ ತೋರಿಸಿದೆ. 2001ರ ಸಸ್ಯ ತಳಿ ರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯು ತಳಿ ರೂಪಿಸಿದವನಿಗೆ ಹಕ್ಕು ಕೊಡುತ್ತದೆ. ಅದರ 39ನೆಯ ಕಲಮು ರೈತನು ಬೀಜವನ್ನು ಉಳಿಸಿಕೊಳ್ಳಬಹುದು, ಮತ್ತೆ ಬಿತ್ತಬಹುದು, ನೆರೆಯವನಿಗೆ ಕೊಡಬಹುದು, ಮಾರಲೂಬಹುದು ಎನ್ನುತ್ತದೆ. ಕಂಪನಿಯ ಹೆಸರಿನ ಚೀಲದಲ್ಲಿ ಹಾಕಿ ಮಾರಬಾರದು, ಅಷ್ಟೆ. ಬಿತ್ತಿಗೆ ಬೀಜ ತಂದವನು ಸುಗ್ಗಿಯಲ್ಲಿ ಸವಾಯಿ ಸೇರಿಸಿ ಹಿಂತಿರುಗಿಸುವ ರೂಢಿಯನ್ನು ಬಲ್ಲ ನಮ್ಮ ಕಡೆಯ ರೈತರಿಗೆ ಇದರ ನ್ಯಾಯ ಕೂಡಲೇ ತಿಳಿಯುತ್ತದೆ. ಬೀಜ ಹಂಚಲಿ, ಹೆಸರು ಕದಿಯಬೇಡ. ಚಪ್ಪಲಿಯ ಕುಶಲತೆಗೆ ಇಂಥದೊಂದು ಕಲಮು ಇನ್ನೂ ಹುಟ್ಟಿಲ್ಲ.

ಹೆಸರಿನ ಮಾತು ಬಂದಾಗ ನಮಗೆ ಮಾದಾರ ಚೆನ್ನಯ್ಯನ ನೆನಪಾಗುತ್ತದೆ. ಜತ್ತದ ಪಕ್ಕದ ಮಂಗಳವೇಢೆಯಲ್ಲಿ ಬಿಜ್ಜಳನ ಬಳಿ ಕೆಲಸಕ್ಕಿದ್ದ ಬಸವಣ್ಣನವರು ಯಾರನ್ನು ತಮ್ಮ ಹಿರಿಯನೆಂದು ಹಾಡಿದರೋ, ಆ ಚೆನ್ನಯ್ಯ. ವಚನಕಾರರಲ್ಲಿ ಹೆಚ್ಚಿನವರು ತಮ್ಮ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಟ್ಟುಕೊಂಡರು. ಚೆನ್ನಯ್ಯನ ಅಂಕಿತದಲ್ಲಿ ಉಳಿ, ಕತ್ತಿ, ಅಡಿಗೂಂಟ ಎಂಬ ಅವನ ಕಸುಬಿನ ಹತ್ಯಾರಗಳೇ ಸೇರಿಕೊಂಡಿವೆ. ಅಂಕಿತವೆಂಬುದು ಬೇಲಿಯಲ್ಲ, ವಚನವನ್ನು ಯಾರು ಬೇಕಾದರೂ ಹಾಡಬಹುದು, ಯಾರಿಗೂ ಕಾಣಿಕೆ ಕೊಡಬೇಕಿಲ್ಲ. ಆದರೆ ಅಂಕಿತವನ್ನು ಬಿಟ್ಟು ಹಾಡಲಾಗದು. ಹಾಡಿದವನು ಹಾಡಿದಷ್ಟು ಸಲ ಆ ಹತ್ಯಾರಗಳ ಹೆಸರನ್ನು ನಾಲಗೆಯ ಮೇಲೆ ತರಬೇಕು. ಋಣ ಸಲ್ಲಿಸುವ ಇದಕ್ಕಿಂತ ಒಳ್ಳೆಯ ಏರ್ಪಾಡನ್ನು ನಾವು ಯಾವ ಕಾಯ್ದೆಯಲ್ಲಿಯೂ ಕಂಡಿಲ್ಲ.

2025ರ ಡಿಸೆಂಬರಿನಲ್ಲಿ ಪ್ರಾಡಾ ಕಂಪನಿಯು ಮೇಲೆ ಹೇಳಿದ ಎರಡು ನಿಗಮಗಳೊಡನೆ ಒಪ್ಪಂದ ಮಾಡಿಕೊಂಡಿತು. ಎರಡೂ ರಾಜ್ಯಗಳ ಕುಶಲಕರ್ಮಿಗಳಿಂದ 2000 ಜೊತೆ ಚಪ್ಪಲಿ ಮಾಡಿಸಿ, ಜೊತೆಗೆ ಸುಮಾರು 800 ಯೂರೋ ದರದಲ್ಲಿ ಮಾರುವುದಾಗಿ ವರದಿಯಾಯಿತು. ಗದ್ದಲದಿಂದ ಇಷ್ಟಾದರೂ ಆಯಿತಲ್ಲ ಎನ್ನಬಹುದು. ಒಡೆಯರು ನಿಗಮಗಳು, ಗಿರಾಕಿ ಕಂಪನಿ. ಹೊಲಿಯುವವರು ಇನ್ನೂ ‘ಕುಶಲಕರ್ಮಿಗಳು’ ಎಂಬ ಒಂದೇ ಮಾತಿನೊಳಗಿದ್ದಾರೆ. ಆ 800 ಯೂರೋದಲ್ಲಿ ಹೊಲಿದವರ ಪಾಲೆಷ್ಟು ಎಂದು ಕೇಳುವುದು ನ್ಯಾಯ. ಆ ಅಟ್ಟೆಯ ಒಳಮಗ್ಗುಲಲ್ಲಿ ಹೊಲಿದವರ ಹೆಸರು ಏಕಿರಬಾರದೆಂದು ಕೇಳುವುದೂ ಅಷ್ಟೇ ನ್ಯಾಯ.

ಇದಕ್ಕೆ ಕಾಯ್ದೆಯಲ್ಲಿ ಸಣ್ಣದೊಂದು ಕಿಂಡಿ ಉಂಟು. ಭೌಗೋಳಿಕ ಸೂಚಕದ ದಫ್ತರದಲ್ಲಿ ಎರಡು ಭಾಗಗಳಿವೆ. ಮೊದಲನೆಯದರಲ್ಲಿ ಒಡೆಯರ ಹೆಸರು. ಎರಡನೆಯದರಲ್ಲಿ ‘ಅಧಿಕೃತ ಬಳಕೆದಾರರ’ ಹೆಸರು, ಅಂದರೆ ಆ ವಸ್ತುವನ್ನು ನಿಜವಾಗಿ ತಯಾರಿಸುವವರದು. ಅಲ್ಲಿ ಹೆಸರು ಸೇರಿದವರು ಆ ಗುರುತನ್ನು ಹಕ್ಕಿನಿಂದ ಬಳಸಬಹುದು, ನಕಲಿ ಮಾರುವವರ ಮೇಲೆ ತಾವೇ ದಾವೆ ಹೂಡಬಹುದು. ಅರ್ಜಿಯ ಶುಲ್ಕ ಮೊದಲು 500 ರೂಪಾಯಿ ಇತ್ತು. 2020ರಲ್ಲಿ ಅದನ್ನು 10 ರೂಪಾಯಿಗೆ ಇಳಿಸಲಾಗಿದೆ. ಸಾಂಗಲಿ ಜಿಲ್ಲೆಯು ಆ ಎಂಟರಲ್ಲಿ ಒಂದಾದುದರಿಂದ ನಮ್ಮ ತಾಲೂಕಿನಲ್ಲಿ ಇನ್ನೂ ಈ ಕೆಲಸ ಬಿಡದೆ ಮಾಡುತ್ತಿರುವವರಿಗೂ ಅಲ್ಲಿ ಜಾಗವಿದೆ. ಅವರಲ್ಲಿ ಬಹುತೇಕರ ಮನೆಮಾತು ಕನ್ನಡವೋ ಮರಾಠಿಯೋ. ಅರ್ಜಿ ಹೋಗಬೇಕಾದದ್ದು ಚೆನ್ನೈಯ ಕಚೇರಿಗೆ, ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ. ಹತ್ತು ರೂಪಾಯಿ ಯಾರಿಗೂ ಭಾರವಲ್ಲ. ಬರೆದುಕೊಡುವ ಒಂದು ಕೈ ಬೇಕು. ನಮ್ಮ ಸಂಘದಲ್ಲಿ ನಿವೃತ್ತ ಶಿಕ್ಷಕರು ಒಂದಿಷ್ಟು ಜನ ಇದ್ದೇವೆ, ಬಿಡುವೂ ಇದೆ. ಸಮ್ಮೇಳನದ ಊಟದ ಪಂಕ್ತಿ ಮುಗಿದ ಮೇಲೆ ಯಾರಾದರೂ ಈ ಮಾತನ್ನು ಎತ್ತಿದರೆ ನಾವು ಅಲ್ಲಿಯೇ ಇರುತ್ತೇವೆ.